ಬೋರ್ ಕೊರೆದರೆ ಯುರೇನಿಯಂ ಗಣಿ ಶುರುವಾದಂತೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ನಮ್ಮ ಜಿಲ್ಲೆಯಲ್ಲಿ ಯುರೇನಿಯಂ ಇದೆ. ಬೋರ್ ಕೊರೆದು ಆಸಿಡ್ ಬಿಡುತ್ತಾರೆ. ಬಾವಿ ನೀರು ಕುಡಿಯಬೇಡಿ." ಬೆಳಗಾವಿಯ ನೆಹರು ನಗರದಲ್ಲಿರಲಿ, ಖಾನಾಪುರದಲ್ಲಿರಲಿ, ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬರಬಹುದು. ಇದರಲ್ಲಿ ನಿಜ ಎಷ್ಟು?

ನಿಜ ಇರುವುದು

ಬೈಲಹೊಂಗಲ ತಾಲೂಕಿನ ದೇಶನೂರು ಭಾಗದ ಮರಳುಗಲ್ಲಿನಲ್ಲಿ ಯುರೇನಿಯಂ ಇರುವುದನ್ನು ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿದೆ. ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಗೋಗಿಯಲ್ಲೂ ನಿಕ್ಷೇಪವಿದೆ.

ತಪ್ಪಿರುವುದು

ಶೋಧನೆಗೆ ಕೊರೆಯುವ ಬೋರ್‌ನಿಂದ ಕಲ್ಲಿನ ಕೋಲಿನಂಥ ಮಾದರಿ ಹೊರತೆಗೆದು ಪರೀಕ್ಷಿಸುತ್ತಾರೆ. ಒಳಗೆ ಆಸಿಡ್ ಬಿಡುವುದಿಲ್ಲ. ಭಾರತದಲ್ಲಿ ನಡೆಯುತ್ತಿರುವ ಯುರೇನಿಯಂ ಗಣಿಗಳು ಸುರಂಗದವು ಅಥವಾ ತೆರೆದ ಗುಂಡಿಯವು. ಗೋಗಿಗೆ ಯೋಜಿಸಿದ್ದೂ ಸುರಂಗ ಗಣಿಯೇ.

ಹಾಗಾದರೆ ಆಸಿಡ್ ಮಾತು ಎಲ್ಲಿಂದ ಬಂತು?

ಅಂಥ ವಿಧಾನ ಇದೆ. ಒಂದು ಸಾಲು ಬೋರ್‌ನಿಂದ ದ್ರಾವಣ ಇಳಿಸಿ, ನೆಲದೊಳಗೇ ಯುರೇನಿಯಂ ಕರಗಿಸಿ, ಇನ್ನೊಂದು ಬೋರ್‌ನಿಂದ ಪಂಪ್ ಮಾಡುತ್ತಾರೆ. 1960ರ ದಶಕದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದಲ್ಲಿ ಇದು ಶುರುವಾಯಿತು. ಇಂದು ಜಗತ್ತಿನ ಅರ್ಧಕ್ಕಿಂತ ಹೆಚ್ಚು ಯುರೇನಿಯಂ ಹೀಗೇ ಸಿಗುತ್ತದೆ. ಕಜಾಕಸ್ತಾನ ಇದರಲ್ಲಿ ಮುಂದು. ಅಲ್ಲಿ ಗಂಧಕಾಮ್ಲ ಬಳಸಿದರೆ, ಅಮೆರಿಕದಲ್ಲಿ ಹೆಚ್ಚಾಗಿ ಸೋಡಾದಂಥ ಕ್ಷಾರ ದ್ರಾವಣ.

ಇದಕ್ಕೆ ನೀರು ಹರಿಯುವಂಥ ಸಡಿಲ ಮರಳುಗಲ್ಲು ಬೇಕು, ಅದರ ಮೇಲೆ ಕೆಳಗೆ ನೀರು ಬಿಡದ ಪದರ ಬೇಕು. ಗೋಗಿಯಲ್ಲಿರುವುದು ಸುಣ್ಣಕಲ್ಲು ಮತ್ತು ಗ್ರಾನೈಟ್. ಶಹಾಬಾದ್ ಕಲ್ಲಿನ ನೆಲಕ್ಕೆ ನಿಂಬೆರಸ ಬಿದ್ದರೆ ಕಲೆಯಾಗುತ್ತದಲ್ಲ? ಸುಣ್ಣಕಲ್ಲು ಆಮ್ಲವನ್ನು ತಾನೇ ತಿಂದುಬಿಡುತ್ತದೆ. ದೇಶನೂರಿನದು ಮರಳುಗಲ್ಲಾದರೂ ಅಷ್ಟೇ ಸಾಲದು. ಅದರೊಳಗೆ ದ್ರಾವಣ ಹರಿಯಬೇಕು, ಹೊರಗೆ ಸೋರಬಾರದು.

ಭಯಕ್ಕೆ ಕಾರಣವೇ ಇಲ್ಲವೇ?

ಇದೆ. ಜೆಕ್ ದೇಶದ ಸ್ಟ್ರಾಜ್ ಎಂಬಲ್ಲಿ ಸುಮಾರು 40 ಲಕ್ಷ ಟನ್ ಗಂಧಕಾಮ್ಲ ನೆಲಕ್ಕಿಳಿಸಿದರು. 1996ರಲ್ಲಿ ಗಣಿ ನಿಂತರೂ ಅಂತರ್ಜಲ ಶುದ್ಧಿ ದಶಕಗಳಿಂದ ಸಾಗುತ್ತಲೇ ಇದೆ. ಹಾಗಾಗಿ ಎಲ್ಲೇ ಗಣಿಯ ಪ್ರಸ್ತಾಪ ಬಂದರೂ ಊರವರು ಕೇಳಬೇಕಾದ ಪ್ರಶ್ನೆ: ಕೆಲಸಕ್ಕೆ ಮೊದಲು ನಮ್ಮ ಬಾವಿ, ಬೋರ್‌ಗಳ ನೀರು ಪರೀಕ್ಷಿಸಿ ದಾಖಲೆ ಇಟ್ಟಿದ್ದೀರಾ? ಮೊದಲಿನ ಲೆಕ್ಕವಿಲ್ಲದಿದ್ದರೆ ನಂತರದ ಹಾನಿ ತೋರಿಸುವುದು ಕಷ್ಟ.

ನೆನಪಿಡಿ

ಗಣಿ ಇಲ್ಲದ ಕಡೆಯೂ ನೀರಿನಲ್ಲಿ ಯುರೇನಿಯಂ ಇರಬಹುದು. ಪೂರ್ವ ಕರ್ನಾಟಕದ ಹಲವು ಹಳ್ಳಿಗಳ ಬೋರ್‌ವೆಲ್‌ಗಳಲ್ಲಿ ಕಲ್ಲಿನಿಂದಲೇ ಅದು ನೀರಿಗೆ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಕುದಿಸಿದರೆ ಯುರೇನಿಯಂ ಹೋಗದು. ಸರಿಯಾಗಿ ನಿರ್ವಹಿಸಿದ ಆರ್‌ಓ ಯಂತ್ರ ಬಹುಪಾಲು ತೆಗೆಯುತ್ತದೆ. ಅನುಮಾನವಿದ್ದರೆ ಫಾರ್ವರ್ಡ್ ನಂಬುವ ಬದಲು ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.