ಇಪ್ಪತ್ತನೇ ಪಿನ್ನಿನ ಮೇಲೊಂದು ಚೂರು ಟೇಪು

"ಎಷ್ಟು ಕಡೆ ತೋರಿಸಿದ್ರಿ ಮೇಡಂ?"

"ಎರಡು ಕಡೆ. ಒಬ್ರು ಫಾರ್ಮ್ಯಾಟ್ ಮಾಡ್ಬೇಕು ಅಂದ್ರು. ಇನ್ನೊಬ್ರು ಮದರ್‌ಬೋರ್ಡೇ ಹೋಗಿದೆ ಅಂದ್ರು."

"ಇದನ್ನೇ ಕೇಳಿದ್ರಾ ಯಾರಾದ್ರೂ?" ಎನ್ನುತ್ತಾ ಅವರು ಲ್ಯಾಪ್‌ಟಾಪಿನತ್ತ ಕೈ ತೋರಿಸಿದರು.

ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಡ್ಡಗಲ್ಲಿ. ಮೆಟ್ಟಿಲ ಕೆಳಗಿನ ಜಾಗದಲ್ಲೇ ರಿಪೇರಿ ಅಂಗಡಿ. ಇಬ್ಬರು ಕೂತರೆ ಮೂರನೆಯವರು ನಿಲ್ಲಲೇಬೇಕು. ಮೇಜಿನ ಮೇಲೆ ಸಾಲ್ಡರಿಂಗ್ ಐರನ್, ಹಳೆಯ ಹಲ್ಲುಜ್ಜುವ ಬ್ರಷ್, ಸ್ಕ್ರೂಗಳನ್ನು ಅಳತೆವಾರು ಹಂಚಿಟ್ಟ ಮಾತ್ರೆ ಡಬ್ಬಿ. ಆ ಶನಿವಾರ ಮಧ್ಯಾಹ್ನ ಅಲ್ಲಿ ಕಳೆದ ಮುಕ್ಕಾಲು ಗಂಟೆ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

ಲ್ಯಾಪ್‌ಟಾಪ್ ನನ್ನ ಅಕ್ಕನ ಮಗಳದು. ಅದಕ್ಕೂ ಮುಂಚೆ ಭಾವನದು. ಹನ್ನೆರಡು ವರ್ಷ ಹಳೆಯದಾದರೂ ಕೀಲಿಮಣೆ, ಪರದೆ ಎಲ್ಲ ಗಟ್ಟಿಮುಟ್ಟು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತಲ್ಲ, ವಿಂಡೋಸ್ 11 ಇಂಥ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ನಾನೇ ಕೂತು ಲಿನಕ್ಸ್ ಮಿಂಟ್ ಹಾಕಿಕೊಟ್ಟೆ. ಒಂದು ವಾರ ಚೆನ್ನಾಗಿ ಓಡಿತು. ಆಮೇಲೆ ಫೋನು: "ಚಿಕ್ಕಮ್ಮ, ವೈಫೈ ಹೋಯ್ತು. ಲಿನಕ್ಸ್‌ನಲ್ಲಿ ಹೀಗೇ ಆಗುತ್ತಂತೆ, ಕಾಲೇಜಲ್ಲಿ ಎಲ್ಲರೂ ಹೇಳ್ತಿದ್ದಾರೆ."

ಕೇಬಲ್ ಚುಚ್ಚಿದರೆ ಇಂಟರ್ನೆಟ್ ಬರುತ್ತಿತ್ತು. ವೈಫೈ ಮೆನುವಿನಲ್ಲಿ ಮಾತ್ರ ಒಂದೇ ಸಾಲು: ಹಾರ್ಡ್‌ವೇರ್ ಸ್ವಿಚ್ಚಿನಿಂದ ವೈಫೈ ಬಂದ್ ಆಗಿದೆ. ಲ್ಯಾಪ್‌ಟಾಪಿನ ಮುಂದಿನ ಅಂಚಿನಲ್ಲಿ ಎಡಕ್ಕೂ ಬಲಕ್ಕೂ ಜಾರುವ ಪುಟ್ಟ ಗುಂಡಿಯೊಂದಿತ್ತು. ಎತ್ತ ತಳ್ಳಿದರೂ ಅದೇ ಉತ್ತರ.

ಅಂಗಡಿಯವರು ಟರ್ಮಿನಲ್ ತೆರೆದು 'ಆರ್‌ಎಫ್‌ಕಿಲ್ ಲಿಸ್ಟ್' ಎಂದು ಟೈಪ್ ಮಾಡಿದರು. ಪರದೆಯ ಮೇಲೆ ಮೂರು ಸಾಲು ಮೂಡಿತು. ಮೊದಲನೆಯದು ಕಾರ್ಡಿನ ಹೆಸರು. ಎರಡನೆಯದು 'ಸಾಫ್ಟ್ ಬ್ಲಾಕ್ಡ್: ನೋ'. ಮೂರನೆಯದು 'ಹಾರ್ಡ್ ಬ್ಲಾಕ್ಡ್: ಯೆಸ್'.

"ನೋಡಿ, ಎಲ್ಲಾ ಹೇಳ್ಬಿಟ್ಟಿದೆ" ಎಂದರು.

ಆ ಮೂರು ಸಾಲಿನ ಅರ್ಥ ಇಷ್ಟು. ಲಿನಕ್ಸ್ ರೇಡಿಯೊ ಬಂದ್ ಆಗಿರುವುದನ್ನು ಎರಡು ಬಗೆಯಾಗಿ ಲೆಕ್ಕ ಇಡುತ್ತದೆ. ಮೆನುವಿನಿಂದಲೋ ಫಂಕ್ಷನ್ ಕೀಲಿಯಿಂದಲೋ ಆದದ್ದು ಸಾಫ್ಟ್ ಬ್ಲಾಕ್. 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಎಂದರೆ ಅದು ಬಿಟ್ಟುಕೊಡುತ್ತದೆ. ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆಂದು ನಂಬಿದವರು ತಿಳಿಯಬೇಕಾದ ಮಾತೊಂದಿದೆ: ಇಂದಿನ ಬಹುಪಾಲು ಲಿನಕ್ಸ್‌ಗಳಲ್ಲಿ ಈ ಸ್ಥಿತಿ ಡಿಸ್ಕಿನಲ್ಲಿ ಉಳಿಯುತ್ತದೆ, ನಾಳೆ ಆನ್ ಮಾಡಿದರೂ ಬಂದ್ ಆಗಿಯೇ ಎದುರಾಗುತ್ತದೆ. ಹಾರ್ಡ್ ಬ್ಲಾಕ್ ಬೇರೆ. ಸಾಮಾನ್ಯವಾಗಿ ಒಂದು ತಂತಿಯ ಮೇಲೆ ಬಂದ ವಿದ್ಯುತ್ ಸಂಕೇತ ಕಾರ್ಡಿಗೆ 'ಸುಮ್ಮನಿರು' ಎಂದಿದೆ. ಯಾವ ಆಜ್ಞೆಯೂ ಅದನ್ನು ಬಿಡಿಸದು. ಲಿನಕ್ಸ್ ತೆಗೆದು ವಿಂಡೋಸ್ ಹಾಕಿದ್ದರೂ ಅಷ್ಟೇ. ಫಾರ್ಮ್ಯಾಟ್ ಮಾಡಿಸಿದ್ದರೆ ಹುಡುಗಿಯ ನೋಟ್ಸೂ ಹೋಗುತ್ತಿತ್ತು, ವೈಫೈಯೂ ಬರುತ್ತಿರಲಿಲ್ಲ.

ಹಿಂಬದಿಯ ಮುಚ್ಚಳ ಬಿಚ್ಚಿದಾಗ ಕಾರಣ ಕಣ್ಣಿಗೇ ಬಿತ್ತು. ಹೊರಗಿನ ಪ್ಲಾಸ್ಟಿಕ್ ಗುಂಡಿ ಸರಿದಾಡುತ್ತಿತ್ತು. ಅದು ತಳ್ಳಬೇಕಿದ್ದ ಒಳಗಿನ ಸ್ವಿಚ್ಚಿನ ಮೊಳೆ ಮುರಿದು, ಆಫ್ ಕಡೆಗೇ ಕೂತುಬಿಟ್ಟಿತ್ತು. ಬ್ಯಾಗು ಬಿದ್ದಿತ್ತೇ ಎಂದು ಫೋನಿನಲ್ಲಿ ಕೇಳಿದೆ. ಬಿದ್ದಿತ್ತು, ಬಸ್ಸಿನಲ್ಲಿ, ಅದೇ ವಾರ. ಲಿನಕ್ಸ್ ಹಾಕಿ ಎಂಟೇ ದಿನವಾಗಿದ್ದರಿಂದ ಎಲ್ಲರೂ ಲಿನಕ್ಸನ್ನೇ ಹಿಡಿದಿದ್ದೆವು.

"ಸ್ವಿಚ್ ಹುಡುಕ್ತಾ ಹೋದ್ರೆ ತಿಂಗಳಾಗುತ್ತೆ" ಎಂದವರೇ ಎರಡು ಸ್ಕ್ರೂ ಬಿಚ್ಚಿದರು. ವೈಫೈ ಕಾರ್ಡ್ ಸ್ಪ್ರಿಂಗಿನಂತೆ ಓರೆಯಾಗಿ ಎದ್ದಿತು. ಕಪ್ಪು, ಬಿಳಿ ಎರಡು ಆಂಟೆನಾ ವೈರು ಕಳಚಿ ಕಾರ್ಡನ್ನು ಮಗುಚಿದರು.

ಆ ಕಾಲದ ಲ್ಯಾಪ್‌ಟಾಪುಗಳಲ್ಲಿದ್ದದ್ದು ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್. ಅಂಚಿನಲ್ಲಿ ಚಿನ್ನದ ಬಣ್ಣದ 52 ಪಟ್ಟಿಗಳು, ಒಂದೊಂದು ಬದಿಗೆ 26. ಒಂದು ಬದಿಗೆ ಬೆಸ ಸಂಖ್ಯೆ, ಇನ್ನೊಂದಕ್ಕೆ ಸಮ. ಸಾಲಿನ ನಡುವೆ ಒಂದು ಕಚ್ಚು ಇರುತ್ತದೆ, ಕಾರ್ಡನ್ನು ತಿರುವುಮುರುವು ಹಾಕದಿರಲೆಂದು. ಸಮಸಂಖ್ಯೆಯ ಬದಿಯಲ್ಲಿ ಕಚ್ಚಿನ ಈಚೆ 16, ಆಚೆ 18, ಅದರ ಪಕ್ಕದ್ದೇ 20. ರೇಡಿಯೊ ಬಂದ್ ಮಾಡುವ ಸಂಕೇತ ಬರುವುದು ಆ ಇಪ್ಪತ್ತನೇ ಪಿನ್ನಿಗೆ.

ಈ ಪಿನ್ನಿನ ರೀತಿ ನನಗೆ ಬಹಳ ಹಿಡಿಸಿತು. ವೋಲ್ಟೇಜ್ ಬಂದರೆ ಆನ್, ಇಲ್ಲದಿದ್ದರೆ ಆಫ್ ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಆಫ್ ಮಾಡಲು ಸ್ವಿಚ್ಚು ಆ ಗೆರೆಯನ್ನು ನೆಲದ ಮಟ್ಟಕ್ಕೆ, ಸೊನ್ನೆ ವೋಲ್ಟಿನ ಕಡೆಗೆ ಎಳೆದು ಹಿಡಿಯಬೇಕು. ಯಾರೂ ಎಳೆಯದಿದ್ದರೆ ಕಾರ್ಡಿನೊಳಗಿನ ಒಂದು ರೆಸಿಸ್ಟರ್ ಆ ಗೆರೆಯನ್ನು ಮೇಲೆತ್ತಿ ಇಡುತ್ತದೆ, ರೇಡಿಯೊ ನಡೆಯುತ್ತದೆ. ಹಾಗಾಗಿ ಪಿನ್ನಿಗೂ ಮದರ್‌ಬೋರ್ಡಿಗೂ ನಡುವಿನ ಸಂಪರ್ಕ ತಪ್ಪಿಸಿದರೆ ಸಾಕು, ಸ್ವಿಚ್ಚು ಏನೇ ಹೇಳಲಿ, ಕಾರ್ಡಿಗೆ ಕೇಳಿಸುವುದೇ ಇಲ್ಲ.

ಅವರು ಹೊನ್ನಿನ ಬಣ್ಣದ ಹೀಟ್ ಟೇಪಿನಿಂದ ನೂಲಿನಷ್ಟು ಸಣ್ಣ ಚೂರು ಕತ್ತರಿಸಿದರು. ಮೊಬೈಲ್ ರಿಪೇರಿಯವರ ಬಳಿ ಇರುವ ಈ ಪಾಲಿಇಮೈಡ್ ಟೇಪಿನ ಮೂಲ ಹೆಸರು ಕ್ಯಾಪ್ಟಾನ್. ಡ್ಯೂಪಾಂಟ್ ಕಂಪನಿ 1960ರ ದಶಕದಲ್ಲಿ ತಯಾರಿಸಿದ್ದು, ಅಪೋಲೋ ಚಂದ್ರನೌಕೆಯ ಹೊದಿಕೆಗೂ ಬಳಕೆಯಾದದ್ದು. ಮಿನಿ ಕಾರ್ಡಿನಲ್ಲಿ ಪಿನ್ನಿನಿಂದ ಪಿನ್ನಿಗೆ 0.8 ಮಿಲಿಮೀಟರ್. ಪಕ್ಕದ 22ನೆಯದು ರೀಸೆಟ್ ಗೆರೆ, ಅದು ಮುಚ್ಚಿಹೋದರೆ ಕಾರ್ಡು ಸರಿಯಾಗಿ ಏಳುವುದಿಲ್ಲ. ಅವರು ಉಸಿರು ಬಿಗಿಹಿಡಿದು, ಚಿಮಟದಲ್ಲಿ ಟೇಪು ಕೂರಿಸಿ, ಉಗುರಿನಿಂದ ಒತ್ತಿದರು. ನಾನೂ ಉಸಿರು ಬಿಟ್ಟಿರಲಿಲ್ಲ.

ಕಾರ್ಡು ಮರಳಿ ಕೂತಿತು. ಆನ್ ಮಾಡಿ ಮತ್ತೆ 'ಆರ್‌ಎಫ್‌ಕಿಲ್ ಲಿಸ್ಟ್'. ಹಾರ್ಡ್ ಬ್ಲಾಕ್ಡ್: ನೋ. ಮರುಕ್ಷಣ ಆ ಗಲ್ಲಿಯ ಅಂಗಡಿಗಳ ವೈಫೈ ಹೆಸರುಗಳೆಲ್ಲ ಒಂದರ ಕೆಳಗೊಂದು ಬಂದು ನಿಂತವು. 150 ರೂಪಾಯಿ ತೆಗೆದುಕೊಂಡರು.

ಟೇಪೇ ಸರಿಯಾದ ಮದ್ದು ಎಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಪಟ್ಟಿಯಲ್ಲಿ ಕಾರ್ಡಿನ ಹೆಸರೊಂದೇ ಇತ್ತು ಎಂದರು. ಲ್ಯಾಪ್‌ಟಾಪ್ ಕಂಪನಿಯ ಹೆಸರಿನ ಇನ್ನೊಂದು ನಮೂದು ಕಂಡಿದ್ದರೆ ಅವರು ಸ್ಕ್ರೂ ಡ್ರೈವರ್ ಮುಟ್ಟುತ್ತಿರಲಿಲ್ಲವಂತೆ. ಮನೆಗೆ ಬಂದು ಓದಿದಾಗ ಅದರ ಕಥೆ ಸಿಕ್ಕಿತು. ಲಿನಕ್ಸ್ ಕರ್ನಲ್‌ನಲ್ಲಿ 'ಐಡಿಯಾಪ್ಯಾಡ್ ಲ್ಯಾಪ್‌ಟಾಪ್' ಎಂಬ ಡ್ರೈವರ್ ಇದೆ. ವೈಫೈ ಸ್ವಿಚ್ಚೇ ಇಲ್ಲದ ಕೆಲವು ಮಾದರಿಗಳಲ್ಲೂ ಅದು ಸ್ವಿಚ್ಚು ಆಫ್ ಆಗಿದೆ ಎಂದು ವರದಿ ಕೊಡುತ್ತಿತ್ತು. ಇಲ್ಲದ ಸ್ವಿಚ್ಚನ್ನು ಬಳಕೆದಾರರು ಹುಡುಕಿ ಹುಡುಕಿ ಸುಸ್ತಾದರು. ಕೊನೆಗೆ ಸ್ವಿಚ್ಚಿಲ್ಲದ ಮಾದರಿಗಳ ಹೆಸರನ್ನೇ ಕರ್ನಲ್ ಒಳಗೆ ಪಟ್ಟಿ ಮಾಡಬೇಕಾಯಿತು, ಹೊಸ ಮಾದರಿ ಬಂದಂತೆ ಪಟ್ಟಿಯೂ ಬೆಳೆಯಿತು. ಅಂಥಲ್ಲಿ ಆ ಡ್ರೈವರನ್ನು ಲೋಡ್ ಆಗದಂತೆ ತಡೆದರೆ ವೈಫೈ ಬರುತ್ತದೆ. ಒಂದೇ ಸಾಲಿನ 'ಯೆಸ್'. ಒಂದು ಕಡೆ ಮುರಿದ ಮೊಳೆ, ಇನ್ನೊಂದು ಕಡೆ ಇಲ್ಲದ ಸ್ವಿಚ್ಚು.

ಲಿನಕ್ಸ್‌ನಲ್ಲಿ ವೈಫೈ ಬರುವುದಿಲ್ಲ ಎಂಬ ಮಾತು ಕಾಲೇಜಿನ ತನಕ ಯಾಕೆ ಉಳಿದುಬಂದಿದೆ? ಒಂದು ಕಾಲಕ್ಕೆ ಅದು ನಿಜವಾಗಿತ್ತು. ವೈರ್‌ಲೆಸ್ ಜಾಲದ 802.11 ಮಾನದಂಡ ಬಂದದ್ದು 1997ರಲ್ಲಿ. 2003ರಲ್ಲಿ ಇಂಟೆಲ್‌ನ ಸೆಂಟ್ರಿನೊ ವೈಫೈಯನ್ನು ಲ್ಯಾಪ್‌ಟಾಪಿನ ಒಳಗೇ ಇಟ್ಟಿತು, ಆಗ ಅದಕ್ಕೆ ಲಿನಕ್ಸ್ ಡ್ರೈವರ್ ಇರಲಿಲ್ಲ. ಬ್ರಾಡ್‌ಕಾಮ್ ಚಿಪ್ಪುಗಳ ವಿವರವಂತೂ ಹೊರಗೆ ಸಿಗುತ್ತಲೇ ಇರಲಿಲ್ಲ. ವಿಂಡೋಸ್ ಡ್ರೈವರನ್ನೇ ಲಿನಕ್ಸ್ ಒಳಗೆ ಓಡಿಸುವ 'ಎನ್‌ಡಿಐಎಸ್ ರ‍್ಯಾಪರ್' ಎಂಬ ಸಾಹಸವನ್ನೂ ಜನ ಮಾಡಿದರು. 

ಆ ಕಾಲದ ಒಂದು ಕೆಲಸದ ಬಗ್ಗೆ ನನಗೆ ಅಪಾರ ಗೌರವ. ಬ್ರಾಡ್‌ಕಾಮ್ ಚಿಪ್ಪಿಗೆ ಡ್ರೈವರ್ ಬರೆಯಲು ಸ್ವಯಂಸೇವಕರು ಎರಡು ಗುಂಪಾದರು. ಒಂದು ಗುಂಪು ಕಂಪನಿಯ ಡ್ರೈವರನ್ನು ಬಿಡಿಸಿ ನೋಡಿ, ಚಿಪ್ಪು ಹೇಗೆ ವರ್ತಿಸುತ್ತದೆ ಎಂಬುದನ್ನಷ್ಟೇ ಬರೆದಿಟ್ಟಿತು. ಮೂಲವನ್ನು ನೋಡದ ಇನ್ನೊಂದು ಗುಂಪು ಆ ವಿವರಣೆಯನ್ನು ಓದಿಕೊಂಡು ಹೊಸದಾಗಿ ಕೋಡ್ ಬರೆಯಿತು. ಕದ್ದರೆಂಬ ಮಾತು ಬರಬಾರದೆಂದು ಇಷ್ಟು ಎಚ್ಚರ. ಆ ಡ್ರೈವರ್ 2006ರಲ್ಲಿ ಕರ್ನಲ್ ಸೇರಿತು. 2008ರಲ್ಲಿ ಅಥೆರಾಸ್, 2010ರಲ್ಲಿ ಸ್ವತಃ ಬ್ರಾಡ್‌ಕಾಮ್ ತಮ್ಮ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರ್ ಕೊಟ್ಟವು. ಇನ್ನು ಉಳಿದದ್ದು ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೇ ಓಡುವ ತಂತ್ರಾಂಶದ ತಕರಾರು. ಮುಕ್ತವಲ್ಲದ ಫರ್ಮ್‌ವೇರ್ ಕಡತಗಳನ್ನು ಅಧಿಕೃತ ಇನ್‌ಸ್ಟಾಲರಿನಲ್ಲಿ ಸೇರಿಸಬೇಕೇ ಎಂದು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಬಳಗ 2022ರಲ್ಲಿ ಮತ ಹಾಕಿ ಒಪ್ಪಿತು, 2023ರ ಡೆಬಿಯನ್ 12ರಿಂದ ಅದು ಜಾರಿಗೆ ಬಂತು. ಹದಿನೈದು ವರ್ಷದ ಹಿಂದಿನ ಅನುಭವವನ್ನು ಇವತ್ತಿನ ಹುಡುಗರಿಗೆ ದಾಟಿಸುವುದನ್ನು ನಾವು ನಿಲ್ಲಿಸಬೇಕು.

ತೊಂದರೆ ಈಗಲೂ ಬರುತ್ತದೆ, ಇಲ್ಲವೆನ್ನಲಾರೆ. ಆದರೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೆಳಗಿನಿಂದ ಮೇಲಕ್ಕೆ ಕೇಳುತ್ತ ಬಂದರೆ ಲಿನಕ್ಸ್ ಮುಚ್ಚಿಡುವುದಿಲ್ಲ. ಮೊದಲು ಕಾರ್ಡು ಕಾಣುತ್ತಿದೆಯೇ? 'ಎಲ್‌ಎಸ್‌ಪಿಸಿಐ' ಆಜ್ಞೆಯ ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಇರಬೇಕು. ಯುಎಸ್‌ಬಿ ಅಡಾಪ್ಟರ್ ಆದರೆ 'ಎಲ್‌ಎಸ್‌ಯುಎಸ್‌ಬಿ'. ಎರಡರಲ್ಲೂ ಕಾಣದಿದ್ದರೆ ಕಾರ್ಡು ಸಡಿಲವಾಗಿರಬಹುದು, ಬಯಾಸ್‌ನಲ್ಲಿ ಬಂದ್ ಆಗಿರಬಹುದು. 'ಎಲ್‌ಎಸ್‌ಪಿಸಿಐ'ಗೆ 'ಕೆ' ಆಯ್ಕೆ ಸೇರಿಸಿದರೆ ಯಾವ ಡ್ರೈವರ್ ಬಳಕೆಯಲ್ಲಿದೆ ಎಂದೂ ಹೇಳುತ್ತದೆ. ಎರಡನೆಯದು ನಮ್ಮ 'ಆರ್‌ಎಫ್‌ಕಿಲ್ ಲಿಸ್ಟ್'. ಮೂರನೆಯದು ಕರ್ನಲ್‌ನ ದಿನಚರಿ, 'ಡಿಎಂಇಎಸ್‌ಜಿ'. ಅದರಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ ಮೈನಸ್ 2 ಎಂದಿದ್ದರೆ ಕಡತವೇ ಇಲ್ಲ ಎಂದರ್ಥ. ಫರ್ಮ್‌ವೇರ್ ಪ್ಯಾಕೇಜ್ ಹಾಕಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು.

ವೈಫೈ ಇಲ್ಲದೆ ಪ್ಯಾಕೇಜ್ ಇಳಿಸುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬಹುತೇಕ ಲಿನಕ್ಸ್‌ಗಳು ಅದನ್ನು ತಂತಿಯ ಸಂಪರ್ಕದಂತೆ ಕೂಡಲೇ ಹಿಡಿಯುತ್ತವೆ. ನೂರು ಸಲಹೆಗಳಿಗಿಂತ ಉಪಯೋಗದ್ದು ಇದೊಂದು.

ಎಲ್ಲರ ಮನೆಯ ವೈಫೈ ಕಂಡು ನಿಮ್ಮದೊಂದೇ ಕಾಣದಿದ್ದರೆ ದೇಶದ ಸೆಟ್ಟಿಂಗ್ ನೋಡಿ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ನಮ್ಮ ದೇಶ 2005ರಲ್ಲೇ ಪರವಾನಗಿಯಿಂದ ಮುಕ್ತಗೊಳಿಸಿದೆ, ಅದರ ಮೇಲಿನ ಎಲ್ಲೆ 2483.5 ಮೆಗಾಹರ್ಟ್ಸ್. 13ನೇ ಚಾನೆಲ್ ಅದರೊಳಗೇ ಬರುತ್ತದೆ. ಅಮೆರಿಕದ ಸೆಟ್ಟಿಂಗಿನಲ್ಲಿರುವ ಕಾರ್ಡು ಮಾತ್ರ 11ಕ್ಕೇ ನಿಲ್ಲುತ್ತದೆ, 13ರಲ್ಲಿರುವ ರೌಟರ್ ಅದಕ್ಕೆ ಕಾಣುವುದಿಲ್ಲ. ರೌಟರನ್ನು 1, 6 ಅಥವಾ 11ಕ್ಕೆ ಇಟ್ಟರೆ ಆ ಗೊಡವೆಯಿಲ್ಲ. ಸಂಪರ್ಕ ಸಿಕ್ಕಿ ಆಗಾಗ ಕಡಿಯುತ್ತಿದ್ದರೆ ವೈಫೈ ಪವರ್ ಸೇವ್ ಆಫ್ ಮಾಡಿ ನೋಡಿ. ಸಂಪರ್ಕವಿದ್ದೂ ಯಾವ ತಾಣವೂ ತೆರೆಯದಿದ್ದರೆ '8.8.8.8'ಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ವೈಫೈ ಸರಿಯಾಗೇ ಇದೆ, ತಾಣದ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಕೆಟ್ಟಿರಬಹುದು.

ಟೇಪಿನ ಉಪಾಯವನ್ನು ಎಲ್ಲರೂ ಮಾಡಿ ಎನ್ನಲಾರೆ. ಈಗಿನ ಎಂ.2 ಕಾರ್ಡುಗಳಲ್ಲಿ ಪಿನ್ನುಗಳ ಅಂತರ ಅರ್ಧ ಮಿಲಿಮೀಟರ್ ಮಾತ್ರ, ಅದಕ್ಕೆ ಪಳಗಿದ ಕೈ ಬೇಕು. ಪ್ರಶ್ನೆ ಕೇಳುವುದಕ್ಕೆ ಪಳಗಿದ ಕೈ ಬೇಕಿಲ್ಲ. ನಿಮ್ಮ ಮನೆಯಲ್ಲೂ ವಿಂಡೋಸ್ 10ರ ಜೊತೆ ಮೂಲೆ ಸೇರಿದ ಲ್ಯಾಪ್‌ಟಾಪ್ ಇದ್ದರೆ, ಗುಜರಿಗೆ ಹಾಕುವ ಮುಂಚೆ ಪೆನ್‌ಡ್ರೈವಿನಿಂದ ಲಿನಕ್ಸ್ ಆರಂಭಿಸಿ ನೋಡಿ. ಡಿಸ್ಕಿನಲ್ಲಿ ಏನನ್ನೂ ಅಳಿಸಬೇಕಾಗಿಲ್ಲ. ವೈಫೈ ಬರದಿದ್ದರೆ 'ಆರ್‌ಎಫ್‌ಕಿಲ್ ಲಿಸ್ಟ್' ಎಂದು ಟೈಪ್ ಮಾಡಿ, ಬಂದ ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ರಿಪೇರಿಯವರ ಬಳಿ ಹೋಗುವಾಗ ಆ ಚೀಟಿ ನಿಮ್ಮ ಕೈಯಲ್ಲಿರಲಿ.