ಜೋಳದ ರೊಟ್ಟಿಯ ಮಗ್ಗುಲಿಗೆ ಬೆಣ್ಣೆಹಣ್ಣಿನ ಚಟ್ನಿ

ನಮ್ಮ ದೋರನಹಳ್ಳಿ, ಶಹಾಪುರ, ಸುರಪುರದ ಸೀಮೆಯಲ್ಲಿ ರೊಟ್ಟಿಯನ್ನು ಬರಿದಾಗಿ ಬಡಿಸುವ ರೂಢಿಯಿಲ್ಲ. ಒಂದು ಬದಿಗೆ ಶೇಂಗಾ ಹಿಂಡಿ, ಮತ್ತೊಂದು ಬದಿಗೆ ಅಗಸಿ ಇಲ್ಲವೆ ಗುರೆಳ್ಳಿನ ಪುಡಿ, ಪುಂಡಿಪಲ್ಯ, ಒಂದಿಷ್ಟು ಗಟ್ಟಿ ಮೊಸರು, ತುದಿಯಲ್ಲಿ ಉಪ್ಪಿನಕಾಯಿ ಇದ್ದೇ ಇರುತ್ತವೆ. ಈ ತಾಟಿಗೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಹಣ್ಣು ಬಂದು ಸೇರುತ್ತಿದೆ. ದುಡಿಮೆಗೆಂದು ಬೆಂಗಳೂರಿಗೆ ಹೋದ ಮಕ್ಕಳು ಹಬ್ಬಕ್ಕೆ ಬರುವಾಗ ಚೀಲದಲ್ಲಿ ಎರಡು ಬೆಣ್ಣೆಹಣ್ಣು ತರುತ್ತಾರೆ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಹೇಳಿ ಅಜ್ಜಿಯ ಕೈಗಿಡುತ್ತಾರೆ. ಅಜ್ಜಿ ಕೊಯ್ದು ಬಾಯಿಗಿಟ್ಟರೆ ಸಿಹಿಯಿಲ್ಲ, ಹುಳಿಯಿಲ್ಲ. ಹಣ್ಣು ಮೂಲೆ ಸೇರುತ್ತದೆ. ಅದನ್ನು ರುಚಿಯಾಗಿ ಸೇವಿಸುವ ಬಗೆ ಯಾವುದು, ಯಾರು ಸೇವಿಸಬೇಕು, ಯಾರು ಎಚ್ಚರದಿಂದಿರಬೇಕು ಎಂಬುದನ್ನು ಸದ್ಭಕ್ತರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಬೆಣ್ಣೆಹಣ್ಣಿನ ತವರು ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕ. ನಮ್ಮ ದಾಲ್ಚಿನ್ನಿ ಮರದ ಕುಟುಂಬಕ್ಕೇ ಇದೂ ಸೇರಿದೆ. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಬೆಳೆ. ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಈ ಹಣ್ಣಿನ ತಳಿಗಳ ಮೇಲೆ ಕೆಲಸ ಮಾಡಿದೆ; ಅರ್ಕ ಸುಪ್ರೀಂ, ಅರ್ಕ ಕೂರ್ಗ್ ರವಿ ಎಂಬ ತಳಿಗಳು ಅಲ್ಲಿಂದ ಬಂದವು. ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿನ ಹಣ್ಣು ಹೆಚ್ಚಾಗಿ ಪೇಟೆಗೆ ಬರುವುದರಿಂದ ಆಗ ಬೆಲೆಯೂ ಕೊಂಚ ತಗ್ಗಿರುತ್ತದೆ. ನಮ್ಮ ಕಡೆಯ ಸುಡುಬೇಸಿಗೆ ಈ ಮರಕ್ಕೆ ಒಗ್ಗುವಂಥದ್ದಲ್ಲ. ಆದುದರಿಂದ ನಮಗಿದು ಕೊಂಡು ತಿನ್ನುವ ಹಣ್ಣೇ.

ತವರಿನಲ್ಲಿ ಇದನ್ನು ಕಲ್ಲಿನ ಒರಳಿನಲ್ಲಿ ಉಪ್ಪು, ಮೆಣಸಿನಕಾಯಿಗಳೊಡನೆ ಅರೆದು, ಮೆಕ್ಕೆಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಅದಕ್ಕೆ ಗ್ವಾಕಮೋಲೆ ಎಂದು ಹೆಸರು. ಒರಳು, ಹಸಿಮೆಣಸಿನಕಾಯಿ, ರೊಟ್ಟಿ ಮೂರೂ ನಮ್ಮ ಮನೆಯಲ್ಲಿವೆ. ಹೀಗಿರುವಾಗ ಸಕ್ಕರೆ, ಐಸ್‌ಕ್ರೀಮು ಸುರಿದು ಗಾಜಿನ ಲೋಟದಲ್ಲಿ ಕೊಡುವ ಪೇಟೆಯ ಬಟರ್‌ಫ್ರೂಟ್ ಜ್ಯೂಸನ್ನೇ ನಾವು ಮೊದಲು ಕಲಿತದ್ದು ವಿಚಿತ್ರವೆಂದೇ ಹೇಳಬೇಕು. ತನ್ನಲ್ಲಿ ಸಕ್ಕರೆಯೇ ಇಲ್ಲವೆನ್ನುವಷ್ಟು ಕಡಿಮೆಯಿರುವ ಹಣ್ಣಿಗೆ ನಾಲ್ಕು ಚಮಚ ಸಕ್ಕರೆ ಬೆರೆಸಿ ಮಧುಮೇಹಿಗೆ ಕುಡಿಸುವುದರಲ್ಲಿ ಅರ್ಥವಿಲ್ಲ.

ಮೊದಲು ಹಣ್ಣಿನ ಆಯ್ಕೆ. ಬೆಣ್ಣೆಹಣ್ಣು ಮರದ ಮೇಲೆ ಮೆತ್ತಗಾಗುವುದಿಲ್ಲ. ಕಿತ್ತ ಮೇಲೆಯೇ ಮಾಗುತ್ತದೆ. ಗಟ್ಟಿ ಕಾಯಿ ಸಿಕ್ಕರೆ ಮಾವನ್ನು ಹುಲ್ಲಿನಲ್ಲಿ ಅಡೆ ಹಾಕುವಂತೆ ಇದನ್ನೂ ಹಾಕಬಹುದು, ಅಥವಾ ಒಂದು ಬಾಳೆಹಣ್ಣಿನೊಡನೆ ಕಾಗದದಲ್ಲಿ ಸುತ್ತಿ ಕೆಲವು ದಿನ ಇಡಬಹುದು. ಬಾಳೆಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಅದನ್ನು ಬೇಗ ಮಾಗಿಸುತ್ತದೆ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿದಾಗ ಕೊಂಚ ಒಳಕ್ಕೆ ಹೋದರೆ ಹದ ಬಂದಿದೆ. ಸಿಪ್ಪೆಯ ಬಣ್ಣವನ್ನು ನಂಬಬೇಡಿ. ಕೆಲವು ತಳಿಗಳು ಮಾಗಿದರೂ ಹಸಿರಾಗಿಯೇ ಇರುತ್ತವೆ. ಮಾಗದ ಕಾಯಿಯನ್ನು ಫ್ರಿಜ್ಜಿನಲ್ಲಿಡುವುದು ಬೇಡ.

ನಾಲ್ವರಿಗೆ ಮಧ್ಯಮ ಗಾತ್ರದ ಒಂದು ಹಣ್ಣು ಸಾಕು. ಉದ್ದಕ್ಕೆ ಸುತ್ತಲೂ ಕೊಯ್ದು, ಎರಡು ಹೋಳನ್ನು ತಿರುಚಿ ಬಿಡಿಸಿ, ಬೀಜ ತೆಗೆದು, ತಿರುಳನ್ನು ಚಮಚದಿಂದ ಬಳಿದುಕೊಳ್ಳಿ. ಕೂಡಲೇ ಅರ್ಧ ನಿಂಬೆಹಣ್ಣಿನ ರಸ ಹಿಂಡಿ. ಒರಳಿನಲ್ಲಿ ಒಂದೆರಡು ಹಸಿಮೆಣಸಿನಕಾಯಿ, ಕಾಲು ಚಹಾ ಚಮಚ ಉಪ್ಪು, ಚಿಟಿಕೆ ಹುರಿದ ಜೀರಿಗೆ ಹಾಕಿ ಮೊದಲು ನುಣ್ಣಗೆ ಜಜ್ಜಿ, ಬಳಿಕ ತಿರುಳನ್ನು ಸೇರಿಸಿ ಸೌಟಿನ ಹಿಂಬದಿಯಿಂದ ಹಿಚುಕಬೇಕು. ಸಣ್ಣಗೆ ಹೆಚ್ಚಿದ ಒಂದು ಚಿಕ್ಕ ಉಳ್ಳಾಗಡ್ಡಿ, ಬೀಜ ತೆಗೆದ ಅರ್ಧ ಟೊಮೆಟೊ, ಒಂದು ಹಿಡಿ ಕೊತ್ತಂಬರಿ ಬೆರೆಸಿದರೆ ಚಟ್ನಿ ಸಿದ್ಧ. ವ್ರತದ ದಿನಗಳಲ್ಲಿ ಉಳ್ಳಾಗಡ್ಡಿ ಬಿಡುವವರು ಅದರ ಬದಲು ಎಳೆ ಸೌತೆಕಾಯಿ ಹಾಕಬಹುದು. ಮಿಕ್ಸರಿಗೆ ಹಾಕಿದರೆ ತೀರ ನುಣ್ಣಗಾಗಿ ಅಂಟಂಟಾಗುತ್ತದೆ. ಅಲ್ಲಲ್ಲಿ ತುಣುಕು ಉಳಿದರೇ ಚೆನ್ನ. ಸುಟ್ಟ ಬದನೆಕಾಯಿಯ ಭರ್ತ ಮಾಡಿ ಪಳಗಿದ ಕೈಗೆ ಈ ಹದವನ್ನು ಹೇಳಿಕೊಡಬೇಕಾಗಿಲ್ಲ. ಕೊನೆಗೆ ಎರಡು ಚಮಚ ಹುರಿದು ಕುಟ್ಟಿದ ಶೇಂಗಾ ಉದುರಿಸಿದರೆ ಖಟಕ ರೊಟ್ಟಿಯೊಡನೆ ಅದರ ರುಚಿಯೇ ಬೇರೆ. ಒಲೆಯ ಮೇಲಿಟ್ಟು ಕುದಿಸಬಾರದು, ಕಹಿಯಾಗುತ್ತದೆ.

ಗಾಳಿ ತಗುಲಿದೊಡನೆ ತಿರುಳು ಕಂದಾಗುವುದು ಸಹಜ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವಂತೆಯೇ ಇದು. ನಿಂಬೆರಸ ಅದನ್ನು ತಡೆಹಿಡಿಯುತ್ತದೆ. ಬೀಜವನ್ನು ಚಟ್ನಿಯ ನಡುವೆ ಇಟ್ಟರೆ ಬಣ್ಣ ಕೆಡದೆಂಬ ಮಾತಿದೆಯಾದರೂ ಬೀಜ ಮುಚ್ಚಿದಷ್ಟು ಜಾಗ ಮಾತ್ರ ಹಸಿರಾಗಿ ಉಳಿಯುತ್ತದೆ. ಅಂದಿನದನ್ನು ಅಂದೇ ಮುಗಿಸುವುದು ಲೇಸು.

ಇನ್ನು ಗುಣದ ವಿಚಾರ. ನೂರು ಗ್ರಾಂ ತಿರುಳಿನಲ್ಲಿ ಸುಮಾರು 160 ಕ್ಯಾಲರಿ, 15 ಗ್ರಾಂ ಕೊಬ್ಬು, 7 ಗ್ರಾಂನಷ್ಟು ನಾರು ಇರುತ್ತವೆ; ಸಕ್ಕರೆ ಒಂದು ಗ್ರಾಂ ಕೂಡ ಇಲ್ಲ. ಕೊಬ್ಬೆಂದೊಡನೆ ಗಾಬರಿ ಬೇಡ. ಆ 15ರಲ್ಲಿ 10 ಗ್ರಾಂನಷ್ಟು ಏಕ ಅಪರ್ಯಾಪ್ತ ಕೊಬ್ಬು. ಬೆಣ್ಣೆ, ವನಸ್ಪತಿಗಳ ಪರ್ಯಾಪ್ತ ಕೊಬ್ಬಿನ ಸ್ಥಾನದಲ್ಲಿ ಇದನ್ನು ಬಳಸಿದರೆ ಕೆಟ್ಟ ಕೊಲೆಸ್ಟೆರಾಲ್ ತಗ್ಗಲು ನೆರವಾಗುತ್ತದೆ. ಸ್ಥಾನದಲ್ಲಿ ಎಂಬ ಮಾತನ್ನು ಮರೆಯಬಾರದು. ಬೆಣ್ಣೆ ಹಚ್ಚಿದ ರೊಟ್ಟಿಯ ಮೇಲೆಯೇ ಇದನ್ನೂ ಹಚ್ಚಿಕೊಂಡರೆ ಮೈ ಬೆಳೆಯುವುದಷ್ಟೇ ಲಾಭ. ನನ್ನ ದೃಷ್ಟಿಯಲ್ಲಿ ಇದರಿಂದಾಗುವ ದೊಡ್ಡ ಉಪಕಾರ ಬೇರೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆನ್ನುತ್ತದೆ. ರಕ್ತದೊತ್ತಡವಿರುವ ಹಿರಿಯರು ಎರಡು ಹೊತ್ತು ಉಪ್ಪಿನಕಾಯಿ ನೆಕ್ಕಿದರೆ ಆ ಮಿತಿ ಉಳಿಯುವುದು ಕಷ್ಟ. ನಿಂಬೆಯ ಹುಳಿ, ಮೆಣಸಿನ ಖಾರ ಇರುವುದರಿಂದ ಈ ಚಟ್ನಿ ಅಲ್ಪ ಉಪ್ಪಿನಲ್ಲೇ ರುಚಿಸುತ್ತದೆ. ಹಲ್ಲಿಲ್ಲದವರಿಗೂ ಸಲೀಸು.

ಆದರೆ ಎಲ್ಲರಿಗೂ ಇದು ಹಿತವಲ್ಲ. ನೂರು ಗ್ರಾಂ ತಿರುಳಿನಲ್ಲಿ 485 ಮಿಲಿಗ್ರಾಂನಷ್ಟು ಪೊಟ್ಯಾಸಿಯಂ ಇದೆ. ಇದು ಬಾಳೆಹಣ್ಣಿಗಿಂತಲೂ ಹೆಚ್ಚು. ಮೂತ್ರಪಿಂಡದ ಕಾಯಿಲೆಯುಳ್ಳವರ, ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯ. ಮಧುಮೇಹ ಹಳೆಯದಾದವರಲ್ಲಿ ಮೂತ್ರಪಿಂಡವೂ ಸೊರಗಿರುವುದುಂಟು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ತಂದ ಹಣ್ಣು ಅಂಥವರಿಗೆ ಕೇಡು ಮಾಡೀತು. ಆದುದರಿಂದ ಅವರು ವೈದ್ಯರನ್ನು ಕೇಳದೆ ಮುಟ್ಟಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರೂ ಕೇಳಿಯೇ ತಿನ್ನಬೇಕು. ಮಾತ್ರೆ ಬಿಟ್ಟು ಹಣ್ಣನ್ನೇ ಔಷಧವೆಂದು ನೆಚ್ಚುವುದಂತೂ ಸರ್ವಥಾ ಸಲ್ಲದು.

ಹಣ್ಣು ದುಬಾರಿಯಾಯಿತೆಂದು ಕೊರಗುವವರೂ ಇರಬಹುದು. ನಮ್ಮ ಶೇಂಗಾದಲ್ಲಿಯೂ ಅರ್ಧದಷ್ಟು ಕೊಬ್ಬಿದೆ, ಅದರಲ್ಲಿ ಹೆಚ್ಚಿನ ಪಾಲು ಇದೇ ಜಾತಿಯದು. ಮೇಲಾಗಿ ನೂರು ಗ್ರಾಂಗೆ 25 ಗ್ರಾಂನಷ್ಟು ಪ್ರೋಟೀನೂ ಇದೆ. ಅಗಸಿಯಲ್ಲಿರುವ ಒಮೆಗಾ-3 ಕೊಬ್ಬು ಬೆಣ್ಣೆಹಣ್ಣಿನಲ್ಲಿ ಅಷ್ಟಿಲ್ಲ. ಸಾಲ ಮಾಡಿ ಬೆಣ್ಣೆಹಣ್ಣು ಕೊಳ್ಳಬೇಕಾದ ಅಗತ್ಯ ಯಾರಿಗೂ ಇಲ್ಲ. ಮಕ್ಕಳು ತಂದಾಗ, ಬೆಲೆ ಇಳಿದಾಗ ಮಾಡಿಕೊಂಡರೆ ಸಾಕು. ಉಳಿದ ದಿನ ಉಪ್ಪು ಹಿಡಿತದಲ್ಲಿಟ್ಟು ಕುಟ್ಟಿದ ಶೇಂಗಾ ಹಿಂಡಿಯೇ ಇರಲಿ.

ದನ, ಆಡು ಸಾಕಿದವರಿಗೆ ಇನ್ನೊಂದು ಮಾತು. ತರಕಾರಿ ಸಿಪ್ಪೆಯನ್ನೆಲ್ಲ ಮುಸುರೆ ಬಾನಿಗೆ ಹಾಕುವುದು ನಮ್ಮ ವಾಡಿಕೆ. ಬೆಣ್ಣೆಹಣ್ಣಿನ ಸಿಪ್ಪೆ, ಬೀಜ, ಎಲೆಗಳಲ್ಲಿ ಪರ್ಸಿನ್ ಎಂಬ ವಿಷಕಾರಿ ಅಂಶವಿದೆ. ಮನುಷ್ಯರು ತಿರುಳು ತಿಂದರೆ ಅದರಿಂದ ತೊಂದರೆಯಿಲ್ಲ. ಆದರೆ ಆಡು, ಆಕಳು, ಕುದುರೆಗಳಿಗೆ ಹಾಲು ಬತ್ತುವುದು, ಕೆಚ್ಚಲು ಬಾಯುವುದು, ಹೆಚ್ಚು ತಿಂದರೆ ಹೃದಯಕ್ಕೆ ಪೆಟ್ಟಾಗುವುದು ಇವೆಲ್ಲ ಕಂಡುಬಂದಿವೆ. ಗಿಳಿ, ಕೋಳಿಗಳಿಗೂ ಹಾಕಬಾರದು. ಸಿಪ್ಪೆ ಬೀಜಗಳನ್ನು ದನಗಳ ಬಾಯಿಗೆ ಸಿಗದಂತೆ ಮಣ್ಣಿನಲ್ಲಿ ಹೂಳಿರಿ.