ಲ್ಯಾಪ್‌ಟಾಪಿಗೆ ಜ್ವರ: ಬೋರ್ಡು ಸುಟ್ಟಿತೋ, ಧೂಳು ಕೂತಿತೋ?

ದಾವಣಗೆರೆ: ಮದುವೆ ಮುಗಿದು ಇಪ್ಪತ್ತು ದಿನವಾಗಿತ್ತು. ಹೆಣ್ಣಿನ ಕಡೆಯವರು ವಿಡಿಯೋ ಕೇಳಿಕೊಂಡು ಎರಡು ಸಲ ಸ್ಟುಡಿಯೋಗೆ ಬಂದು ಬರಿಗೈಲಿ ಹೋಗಿದ್ದರು. ಮೂರನೇ ಸಲ ಬಂದವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ‘ಇವತ್ತು ಕೊಡೋತನ ಏಳಂಗಿಲ್ಲ ನೋಡ್ರಿ’ ಎಂದರು.

ಹಳೇ ದಾವಣಗೆರೆಯ ಆ ಸ್ಟುಡಿಯೋ ಮಾಲೀಕರಿಗೆ ಕೊಡಲು ಮನಸ್ಸಿಲ್ಲದೆ ಏನಿಲ್ಲ. ಲ್ಯಾಪ್‌ಟಾಪು ಬಿಡಬೇಕಲ್ಲ! ಮದುವೆಯ ತುಣುಕುಗಳನ್ನೆಲ್ಲ ಜೋಡಿಸಿ ಪೂರ್ತಿ ವಿಡಿಯೋ ತೆಗೆಯಲು ಬಿಟ್ಟರೆ ಇಪ್ಪತ್ತು ನಿಮಿಷ ಓಡುತ್ತಿತ್ತು. ಅಷ್ಟರಲ್ಲಿ ಫ್ಯಾನು ಹಿಟ್ಟಿನ ಗಿರಣಿಯಂತೆ ಗದ್ದಲ ಎಬ್ಬಿಸುತ್ತಿತ್ತು. ಕೀಬೋರ್ಡಿನ ಮೇಲೆ ಬೆರಳಿಡಲಾಗದಷ್ಟು ಕಾವು. ಆಮೇಲೆ ಟಪ್ಪೆಂದು ಪರದೆ ಕಪ್ಪು. ಮತ್ತೆ ಮೊದಲಿನಿಂದ ಶುರು.

2025ರ ಏಪ್ರಿಲ್ ತಿಂಗಳ ಮಾತಿದು. ಹೊರಗೆ ಬಿಸಿಲು 38 ಡಿಗ್ರಿ, ಒಳಗೆ ಮದುವೆ ಸೀಜನ್ನಿನ ಕೆಲಸ, ತಿಂಗಳ ಕೊನೆಗೆ ಲ್ಯಾಪ್‌ಟಾಪಿನ ಕಂತು. ಅದು ಗೇಮಿಂಗ್ ಲ್ಯಾಪ್‌ಟಾಪು. ಹುಡುಗರು ಗೇಮ್ ಆಡಲು ಕೊಳ್ಳುವ ಯಂತ್ರ ಫೋಟೋ ಸ್ಟುಡಿಯೋದಲ್ಲೇಕೆ ಎಂದು ಕೇಳಬಹುದು. ವಿಡಿಯೋ ಕೆಲಸಕ್ಕೂ ಗೇಮಿಗೂ ಬೇಕಾದದ್ದು ಒಂದೇ, ಶಕ್ತಿಯುಳ್ಳ ಗ್ರಾಫಿಕ್ಸ್ ಚಿಪ್ಪು. ಹಾಗಾಗಿ ಊರೂರಿನ ಸ್ಟುಡಿಯೋದವರು, ಎಂಜಿನಿಯರಿಂಗ್ ಓದುವ ಮಕ್ಕಳ ತಂದೆ-ತಾಯಿ, ಫ್ಲೆಕ್ಸ್ ಡಿಸೈನ್ ಮಾಡುವವರು ಇದನ್ನೇ ಸಾಲ ಮಾಡಿ ತರುತ್ತಾರೆ.

ಮಾಲೀಕರು ಮೊದಲು ಹೋದ ಅಂಗಡಿಯಲ್ಲಿ ಲ್ಯಾಪ್‌ಟಾಪನ್ನು ಬಿಚ್ಚದೆಯೇ ತೀರ್ಪು ಬಂತು. ‘ಮದರ್‌ಬೋರ್ಡ್ ಹೋಗೈತ್ರೀ. ಇಪ್ಪತ್ತೆರಡು ಸಾವಿರ ಆಗ್ತೈತಿ. ಅದರ ಬದಲಿ ಹೊಸದೇ ತಗೊಂಡ್ಬಿಡ್ರಿ.’ ಮಾಲೀಕರು ಕೈಚೀಲ ಹೆಗಲಿಗೇರಿಸಿಕೊಂಡು ಮನೆಗೆ ಬಂದು, ಹೆಂಡತಿಯ ಬಳೆ ಕಡೆ ನೋಡಿದರಂತೆ.

ಬಳೆ ಉಳಿಯಿತು. ಉಳಿದದ್ದು ಹೇಗೆ ಎಂಬುದನ್ನು ಇಂಥ ಯಂತ್ರ ಇಟ್ಟುಕೊಂಡವರೆಲ್ಲ ತಿಳಿಯುವುದು ಒಳ್ಳೆಯದು.

ಕಾವು ಹೊರಗೆ ಹೋಗುವ ದಾರಿ

ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಮಹಡಿ ಮೇಲಿನ ಸಣ್ಣ ಕೋಣೆಯೊಂದರಲ್ಲಿ ರಿಪೇರಿ ಮಾಡುವ ಎರಡನೆಯವರ ಬಳಿ ಹೋದಾಗ ಅವರು ಬೆಲೆ ಹೇಳಲಿಲ್ಲ, ಪ್ರಶ್ನೆ ಕೇಳಿದರು. ‘ತಗೊಂಡು ಎಷ್ಟು ವರ್ಷ ಆತಣ್ಣ?’

‘ನಾಲ್ಕು.’

‘ಒಳಗ ಧೂಳು ತೆಗಿಸಿದ್ದು ಯಾವಾಗ?’

‘ತೆಗಿಸೇ ಇಲ್ಲಪ್ಪ.’

ಕಚೇರಿ ಕೆಲಸದ ಲ್ಯಾಪ್‌ಟಾಪಿಗೆ 45 ಅಥವಾ 65 ವ್ಯಾಟಿನ ಚಾರ್ಜರ್ ಸಾಕು. ಗೇಮಿಂಗ್ ಲ್ಯಾಪ್‌ಟಾಪಿನ ಚಾರ್ಜರ್ ತಿರುವಿ ನೋಡಿದರೆ 150, 180, 230 ವ್ಯಾಟ್ ಎಂದು ಬರೆದಿರುತ್ತದೆ. ಯಂತ್ರ ಉಣ್ಣುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಹಿಂದಿನ ಕಾಲದ 100 ವ್ಯಾಟಿನ ಗಾಜಿನ ಬಲ್ಬು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಲೆಕ್ಕ ಬೇಗ ತಿಳಿಯುತ್ತದೆ. ಅಂಥ ಒಂದೂವರೆ, ಎರಡು ಬಲ್ಬುಗಳನ್ನು ಎರಡು ಬೆರಳು ದಪ್ಪದ ಡಬ್ಬಿಯಲ್ಲಿ ಮುಚ್ಚಿಟ್ಟಂತೆ ಇದು.

ಈ ಕಾವು ಹೊರಗೆ ಹೋಗಲು ಒಂದೇ ದಾರಿ. ಚಿಪ್ಪಿನ ಮೇಲೆ ತೆಳ್ಳಗೆ ಸವರಿದ ಪೇಸ್ಟು. ಅದರ ಮೇಲೆ ತಾಮ್ರದ ತಗಡು. ಅದಕ್ಕೆ ಬೆಸೆದ ತಾಮ್ರದ ಚಪ್ಪಟೆ ಕೊಳವೆ. ಕೊಳವೆಯ ತುದಿಗೆ ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾಗಿ ನಿಂತ ತೆಳು ರೆಕ್ಕೆಗಳು. ರೆಕ್ಕೆಗಳ ಹಿಂದೆ ಗಾಳಿ ಊದುವ ಫ್ಯಾನು. ತಳದ ಜಾಲರಿಯಿಂದ ತಂಗಾಳಿ ಒಳಗೆ, ಹಿಂದಿನ ಅಥವಾ ಪಕ್ಕದ ಕಿಂಡಿಯಿಂದ ಬಿಸಿಗಾಳಿ ಹೊರಗೆ.

ಆ ತಾಮ್ರದ ಕೊಳವೆ ಬರೀ ಲೋಹವಲ್ಲ. ಒಳಗೆ ತೊಟ್ಟು ನೀರಿನಂಥ ದ್ರವವಿರುತ್ತದೆ. ಬಿಸಿ ತುದಿಯಲ್ಲಿ ಆವಿಯಾಗಿ ತಣ್ಣನೆಯ ತುದಿಗೆ ಹೋಗಿ ಅಲ್ಲಿ ಹನಿಯಾಗಿ, ಒಳಗೋಡೆಯ ಬತ್ತಿಯಂಥ ಪದರದಲ್ಲಿ ಮತ್ತೆ ವಾಪಸು ಬರುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಬಾಹ್ಯಾಕಾಶದ ಯಂತ್ರಗಳಿಗೆಂದು ರೂಪಿಸಿದ ಈ ಉಪಾಯ ಇಂದು ಸ್ಟುಡಿಯೋ ಮೇಜಿನ ಮೇಲಿದೆ. ಎಂಥ ಉಪಾಯವಿದ್ದರೂ ಬಾಗಿಲಲ್ಲಿ ಧೂಳು ಕೂತರೆ ಏನು ಮಾಡೀತು?

ಮೊದಲು ಜ್ವರ ಅಳೆಯಿರಿ

ಡಾಕ್ಟರು ಥರ್ಮಾಮೀಟರ್ ಇಡದೆ ಔಷಧಿ ಬರೆಯುವುದಿಲ್ಲ. ಇಲ್ಲಿಯೂ ಅದೇ ಕ್ರಮ. ಎಚ್‌ಡಬ್ಲ್ಯೂಇನ್‌ಫೋ, ಎಚ್‌ಡಬ್ಲ್ಯೂಮಾನಿಟರ್ ಎಂಬ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಪ್ರೊಸೆಸರಿನ ಕಾವು ಎಷ್ಟು, ಗ್ರಾಫಿಕ್ಸ್ ಚಿಪ್ಪಿನದು ಎಷ್ಟು ಎಂದು ಡಿಗ್ರಿಯಲ್ಲೇ ತೋರಿಸುತ್ತವೆ.

ಜೋರು ಕೆಲಸದಲ್ಲಿ 80 ದಾಟಿದರೆ ಹೆದರಬೇಕಿಲ್ಲ, ಗೇಮಿಂಗ್ ಲ್ಯಾಪ್‌ಟಾಪಿಗೆ ಅದು ಮಾಮೂಲಿ. ಪ್ರೊಸೆಸರು 100ರ ಆಸುಪಾಸಿಗೆ ಹೋದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಗೇಮು ಜಗ್ಗುತ್ತದೆ, ವಿಡಿಯೋ ತೆವಳುತ್ತದೆ. ಅದಕ್ಕೂ ಕಾವು ಇಳಿಯದಿದ್ದರೆ ಯಂತ್ರ ತಾನೇ ಆರಿಹೋಗುತ್ತದೆ. ಅಂದರೆ ಟಪ್ಪೆಂದು ಆರುವುದು ಸತ್ತದ್ದರ ಗುರುತಲ್ಲ, ಸಾಯಬಾರದೆಂದು ಕಣ್ಣು ಮುಚ್ಚಿಕೊಂಡದ್ದರ ಗುರುತು. ಆದರೆ 65-70 ಡಿಗ್ರಿಯಲ್ಲೇ ಆರಿದರೆ ತಪ್ಪು ಕಾವಿನದಲ್ಲ. ಚಾರ್ಜರು, ಬ್ಯಾಟರಿ ಅಥವಾ ಬೋರ್ಡನ್ನು ಸಂಶಯಿಸಬೇಕು.

ಕಾವು ಏರುವ ರೀತಿಯೂ ರೋಗ ಹೇಳುತ್ತದೆ. ಕೆಲಸ ಶುರುವಾದ ಕೆಲವೇ ಸೆಕೆಂಡಿನಲ್ಲಿ 95 ಮುಟ್ಟಿದರೆ ಪೇಸ್ಟು ಒಣಗಿದೆ, ಇಲ್ಲವೇ ತಾಮ್ರದ ತಗಡಿನ ಸ್ಕ್ರೂ ಸಡಿಲವಾಗಿದೆ. ಹದಿನೈದು-ಇಪ್ಪತ್ತು ನಿಮಿಷ ಮೆಲ್ಲಗೆ ಏರಿದರೆ ಗಾಳಿಯ ದಾರಿ ಕಟ್ಟಿದೆ. ಹೊರಕಿಂಡಿಗೆ ಕೈ ಹಿಡಿದು ನೋಡಬೇಕು. ಫ್ಯಾನು ಬೊಬ್ಬೆ ಹೊಡೆದರೂ ಗಾಳಿ ಕಡಿಮೆ ಬಂದರೆ ಧೂಳು. ಗಾಳಿ ಜೋರಾಗಿ ಬಂದರೂ ತಣ್ಣಗಿದ್ದು ಚಿಪ್ಪು ಮಾತ್ರ ಕುದಿಯುತ್ತಿದ್ದರೆ, ಕಾವು ರೆಕ್ಕೆವರೆಗೆ ಬರುತ್ತಿಲ್ಲ. ಪೇಸ್ಟಿನ ತೊಂದರೆ ಅಥವಾ ಕೊಳವೆಯ ತೊಂದರೆ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಫ್ಯಾನು. ಒಂದು ಕಡೆ ಗಾಳಿಯೇ ಇಲ್ಲದಿದ್ದರೆ ಒಂದು ಫ್ಯಾನು ನಿಂತಿದೆ.

ಸ್ಟುಡಿಯೋ ಯಂತ್ರದಲ್ಲಿ ಕಾವು ಮೆಲ್ಲಗೆ ಏರಿತು. ಹೊರಕಿಂಡಿಯಲ್ಲಿ ಗಾಳಿ ಸೋತಿತ್ತು. ‘ಬೋರ್ಡ್ ಮಾತು ಆಮ್ಯಾಲ. ಮೊದ್ಲು ಹೊಟ್ಟಿ ನೋಡಾಣ’ ಎಂದು ರಿಪೇರಿಯವರು ಸ್ಕ್ರೂಡ್ರೈವರ್ ಹಿಡಿದರು.

ಒಳಗೆ ಕಂಬಳಿ!

ತಳದ ಮುಚ್ಚಳ ತೆಗೆದು ಫ್ಯಾನು ಕಳಚಿದಾಗ ರೆಕ್ಕೆಗಳೇ ಕಾಣಲಿಲ್ಲ. ಅವುಗಳ ಮುಂದೆ ಬೂದುಬಣ್ಣದ ಕಂಬಳಿಯ ತುಂಡು ಹೊಲಿದಿಟ್ಟಂತೆ ಧೂಳಿನ ಪದರ. ಚಿಮಟದಲ್ಲಿ ಹಿಡಿದೆಳೆದರೆ ಇಡೀ ಪಟ್ಟಿಯೇ ಎದ್ದು ಬಂತು. ರಸ್ತೆಯ ಮಣ್ಣು, ಮಂಡಕ್ಕಿ ಭಟ್ಟಿ ಕಡೆಯಿಂದ ಬರುವ ಬೂದಿ, ಪರದೆ ಬಟ್ಟೆಯ ಎಳೆ, ದೇವರ ಫೋಟೋ ಮುಂದಿನ ಊದಿನಕಡ್ಡಿ ಹೊಗೆ, ಎಲ್ಲ ಸೇರಿ ನಾಲ್ಕು ವರ್ಷದಲ್ಲಿ ನೇಯ್ದ ಕಂಬಳಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾದ ಊರು ಇದು. ಹತ್ತಿಯ ನವಿರು ಯಂತ್ರದ ಸಂದಿಗೆ ಕೂತರೆ ಏನಾಗುತ್ತದೆಂದು ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಧೂಳು ತೆಗೆಯಲು ಕೆಲವರು ಪಂಚರ್ ಅಂಗಡಿಗೆ ಹೋಗಿ ಕಂಪ್ರೆಸರ್ ಗಾಳಿ ಹೊಡೆಸುತ್ತಾರೆ. ಅದು ಬೇಡ. ಟ್ಯಾಂಕಿನ ತಳದಲ್ಲಿ ನಿಂತ ನೀರು, ಎಣ್ಣೆ ಗಾಳಿಯ ಜೊತೆ ಬೋರ್ಡಿಗೆ ಎರಚುತ್ತದೆ. ಆ ರಭಸಕ್ಕೆ ಫ್ಯಾನು ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಸಣ್ಣ ಬ್ಲೋವರ್, ಒಣ ಬ್ರಷ್ ಸಾಕು. ಗಾಳಿ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು. ಯಂತ್ರ ಆರಿಸಿರಬೇಕು, ಚಾರ್ಜರ್ ಕಳಚಿರಬೇಕು, ಬ್ಯಾಟರಿಯ ತಂತಿ ಬಿಡಿಸಿರಬೇಕು. ಗ್ಯಾರಂಟಿ ಅವಧಿ ಮುಗಿಯದಿದ್ದರೆ ತಾವೇ ಬಿಚ್ಚದೆ ಕಂಪನಿಯ ಸರ್ವಿಸ್‌ನವರಿಗೆ ಕೊಡುವುದೇ ಜಾಣತನ.

ನಂತರ ಪೇಸ್ಟು. ಕಣ್ಣಿಗೆ ನುಣ್ಣಗೆ ಕಂಡರೂ ಚಿಪ್ಪು, ತಾಮ್ರ ಎರಡರ ಮೈಯಲ್ಲೂ ಸೂಕ್ಷ್ಮ ತಗ್ಗುಗಳಿರುತ್ತವೆ. ಆ ತಗ್ಗಿನಲ್ಲಿ ಗಾಳಿ ಉಳಿದರೆ ಕಾವು ದಾಟುವುದಿಲ್ಲ. ಅದನ್ನು ತುಂಬುವುದಷ್ಟೇ ಪೇಸ್ಟಿನ ಕೆಲಸ. ಸ್ಟುಡಿಯೋ ಯಂತ್ರದ ಪೇಸ್ಟು ಒಣಗಿ ಗೋಡೆ ಸುಣ್ಣದಂತೆ ಉದುರುತ್ತಿತ್ತು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಹೊಸದು ಹಾಕಿದರು. ಹೆಚ್ಚು ಬಳಿದರೆ ಹೆಚ್ಚು ತಂಪು ಎಂಬುದು ತಪ್ಪು ಎಣಿಕೆ. ಇದು ರೊಟ್ಟಿಗೆ ಬೆಣ್ಣೆ ಹಚ್ಚುವ ಕೆಲಸವಲ್ಲ, ತೆಳುವಾಗಿದ್ದಷ್ಟೂ ಒಳ್ಳೆಯದು.

ಕೆಲವು ಗೇಮಿಂಗ್ ಲ್ಯಾಪ್‌ಟಾಪಿಗೆ ಕಂಪನಿಯವರೇ ಪೇಸ್ಟಿನ ಬದಲು ದ್ರವ ಲೋಹ ಹಾಕಿರುತ್ತಾರೆ. ಪಾದರಸದಂತೆ ಹೊಳೆಯುವ ಅದು ಬೋರ್ಡಿನ ಮೇಲೆ ತೊಟ್ಟು ಬಿದ್ದರೂ ಶಾರ್ಟ್ ಆಗುತ್ತದೆ. ಅಂಥದ್ದನ್ನು ಕಲಿಯುವವರ ಕೈಗೆ ಕೊಡಬಾರದು.

ಬಿಚ್ಚದೆಯೇ ಆಗುವ ಕೆಲಸ

ಎಲ್ಲ ಬಿಸಿಗೂ ಸ್ಕ್ರೂಡ್ರೈವರ್ ಬೇಕಿಲ್ಲ. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲಿಟ್ಟರೆ ತಳದ ಜಾಲರಿ ಮುಚ್ಚಿ ಉಸಿರು ಕಟ್ಟುತ್ತದೆ. ಗಟ್ಟಿ ಮೇಜಿನ ಮೇಲಿಟ್ಟು ಹಿಂಬದಿಗೆ ಒಂದಂಗುಲ ಎತ್ತರದ ಆಸರೆ ಕೊಟ್ಟರೆ ಅಷ್ಟರಲ್ಲೇ ಕೆಲವು ಡಿಗ್ರಿ ಇಳಿಯುತ್ತದೆ. ಅಂಗಡಿಯವರು ಗಲ್ಲದ ಮೇಲೆ ಊದಿನಕಡ್ಡಿ ಹಚ್ಚುವ ಜಾಗದ ಪಕ್ಕ, ಹಿಟ್ಟಿನ ತಕ್ಕಡಿಯ ಪಕ್ಕ ಇಡಬಾರದು.

ಕೋಣೆಯ ಕಾವಿಗಿಂತ ಚಿಪ್ಪನ್ನು ತಂಪು ಮಾಡಲು ಯಾವ ಫ್ಯಾನಿಗೂ ಆಗದು. ಕೋಣೆ 25 ಇದ್ದಾಗ 85 ತೋರಿಸಿದ ಯಂತ್ರ, ಕೋಣೆ 38 ಆದಾಗ ಅದೇ ಕೆಲಸಕ್ಕೆ 98ರ ಹತ್ತಿರ ತೋರಿಸುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಭಾರದ ಕೆಲಸ ಬೆಳಗಿನ ಜಾವಕ್ಕೆ, ರಾತ್ರಿಗೆ ಇಟ್ಟುಕೊಳ್ಳುವುದು ಲಾಭ. ಗೇಮ್ ಆಡುವ ಹುಡುಗರು ಸೆಕೆಂಡಿಗೆ 120 ಚಿತ್ರ ಓಡಿಸುವ ಬದಲು 60ಕ್ಕೆ ಮಿತಿ ಹಾಕಿದರೆ ಚಿಪ್ಪಿನ ಹೊರೆ ಇಳಿಯುತ್ತದೆ. ಬಹಳ ಯಂತ್ರಗಳಲ್ಲಿ ವಿಂಡೋಸ್‌ನ ಪವರ್ ಆಪ್ಷನ್ಸ್‌ನೊಳಗೆ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಂಬಲ್ಲಿ 100 ಇರುವುದನ್ನು 99 ಮಾಡಿದರೆ ಪ್ರೊಸೆಸರಿನ ಹೆಚ್ಚುವರಿ ಓಟ ನಿಲ್ಲುತ್ತದೆ. ಕೆಲಸ ತುಸು ನಿಧಾನ, ಕಾವು ಬಹಳ ಕಡಿಮೆ.

ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಇನ್ನೊಂದು ಮಾತು. ಪರದೆ ಮಡಚಿದ ಮಾತ್ರಕ್ಕೆ ಯಂತ್ರ ಆರುವುದಿಲ್ಲ, ಮಲಗುತ್ತದೆ ಅಷ್ಟೆ. ನಡುವೆ ತಾನೇ ಎಚ್ಚರಾದರೆ, ಚೀಲದೊಳಗೆ ಗಾಳಿಯಿಲ್ಲದೆ ಬೇಯುತ್ತದೆ. ಹರಿಹರದಲ್ಲಿ ಹತ್ತಿ ದಾವಣಗೆರೆಯಲ್ಲಿ ಇಳಿಯುವಷ್ಟರಲ್ಲಿ ಚೀಲ ಬೆಚ್ಚಗಾಗಿದ್ದರೆ ಇದೇ ಕಾರಣ. ಬಸ್ ಹತ್ತುವ ಮೊದಲು ‘ಶಟ್‌ಡೌನ್’ ಮಾಡಿಬಿಡಬೇಕು.

ಹೊಟ್ಟೆ ಉಬ್ಬಿದರೆ ಹುಷಾರ್

ತಮಾಷೆಯಲ್ಲದ ಸಂಗತಿ ಒಂದಿದೆ. ತಳದ ಮುಚ್ಚಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲಕ್ಕೆದ್ದಿದ್ದರೆ, ಲ್ಯಾಪ್‌ಟಾಪು ಮೇಜಿನ ಮೇಲೆ ಸಮವಾಗಿ ಕೂರದೆ ಅಲ್ಲಾಡಿದರೆ ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿದೆ ಎಂದು ತಿಳಿಯಬೇಕು. ಸತತ ಕಾವು ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಅಂಥದ್ದನ್ನು ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು, ಬೆಂಕಿ ಹತ್ತಬಹುದು. ಆರಿಸಿ, ಬಲ್ಲವರಿಂದ ಬ್ಯಾಟರಿ ತೆಗೆಸಬೇಕು. ಮಕ್ಕಳು ಹಾಸಿಗೆ ಮೇಲೆ ಚಾರ್ಜಿಗಿಟ್ಟು ಪಕ್ಕದಲ್ಲೇ ಮಲಗುವ ಮನೆಗಳಲ್ಲಿ ಈ ಮಾತು ನೆನಪಿರಲಿ.

ಬೋರ್ಡು ಕೆಡುವುದೇ ಇಲ್ಲವೆಂದಲ್ಲ. ಕೆಡುತ್ತದೆ. ಧೂಳು ತೆಗೆದು, ಪೇಸ್ಟು ಹಾಕಿ, ಫ್ಯಾನು ಸರಿಯಾಗಿ ತಿರುಗಿದ ಮೇಲೂ ಯಂತ್ರ ಆರಿದರೆ ಆಗ ಬೋರ್ಡಿನ ಮಾತಿಗೆ ಅರ್ಥವಿದೆ. ಅಲ್ಲಿಯವರೆಗೆ ಗಿರಾಕಿ ಕೇಳಬೇಕಾದ ಪ್ರಶ್ನೆ ಎರಡೇ: ‘ಎಷ್ಟು ಡಿಗ್ರಿ ತೋರಿಸ್ತು? ಒಳಗೆ ಬಿಚ್ಚಿ ನೋಡಿದ್ರಾ?’ ಉತ್ತರ ಕೊಡದವರಿಗೆ ಇಪ್ಪತ್ತು ಸಾವಿರ ಯಾಕೆ ಕೊಡಬೇಕು?

ಸ್ಟುಡಿಯೋ ಯಂತ್ರವನ್ನು ಮುಚ್ಚಿ ಅದೇ ಮದುವೆ ವಿಡಿಯೋ ಓಡಿಸಿದರು. ಇಪ್ಪತ್ತು ನಿಮಿಷ ಆಯಿತು, ನಲವತ್ತಾಯಿತು. ಕಾವು 86ಕ್ಕೆ ನಿಂತಿತು, ಏರಲಿಲ್ಲ. ಖರ್ಚು ಎಂಟುನೂರು ರೂಪಾಯಿ. ಮಾಲೀಕರು ಇನ್ನೂರು ಹೆಚ್ಚಿಗೆ ಕೊಡಹೋದರೆ ರಿಪೇರಿಯವರು ತೆಗೆದುಕೊಳ್ಳಲಿಲ್ಲ. ‘ಅದರಾಗ ಮುಂದಿನ ಸಲದ್ದು ಇಟ್ಕೋ ಅಣ್ಣ’ ಎಂದು ಲ್ಯಾಪ್‌ಟಾಪಿನ ತಳಕ್ಕೆ ಚೀಟಿ ಅಂಟಿಸಿ ಕೊಟ್ಟರು. ಅದರ ಮೇಲೆ ಪೆನ್ನಿನಲ್ಲಿ ಬರೆದದ್ದು ಇಷ್ಟೇ: ‘ಧೂಳು: ಫೆಬ್ರವರಿ 2026, ಬಿಸಿಲು ಏರೋ ಮುಂಚೆ.’

ಹೆಣ್ಣಿನ ಕಡೆಯವರು ಅಂದೇ ಸಂಜೆ ಪೆನ್‌ಡ್ರೈವ್ ತೆಗೆದುಕೊಂಡು ಕುರ್ಚಿ ಬಿಟ್ಟೆದ್ದರು.